ಏಳನೆಯ ಬಾಟಲಿ

ಅವರ ಬಲಗೈ ಬೆರಳುಗಳ ತುದಿ ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿತ್ತು, ಆಗಷ್ಟೇ ನೀರಿನಿಂದ ತೆಗೆದ ಹಾಗೆ. ಮೇ ತಿಂಗಳ ಮಧ್ಯಾಹ್ನ ದಾಂಡೇಲಿಯ ರಸ್ತೆಯ ಡಾಂಬರು ಮೆತ್ತಗಾಗುವಾಗಲೂ ಆ ಕೈ ಮಾತ್ರ ತಣ್ಣಗೆ. ಸಹಿ ಹಾಕಲು ಪೆನ್ನು ಕೊಡುವಾಗ ಒಮ್ಮೆ ಬೆರಳು ತಾಗಿತು ನೋಡಿ, ಮೈ ಜುಮ್ಮೆಂದು ಕೈ ಹಿಂದಕ್ಕೆಳೆದುಕೊಂಡೆ. ಅವರು ನಕ್ಕುಬಿಟ್ಟರು. “ನೀರಿನ ಕೆಲಸ ಅಲ್ರೀ ಬಾಯಾರ, ತಣ್ಣಗ ಇರತೈತಿ,” ಅಂದರು. ಆಫೀಸಿನ ಹೆಂಗಸರೆಲ್ಲ ಅವರ ಮಾತಿನಲ್ಲಿ ಬಾಯಾರ.

ನಾವೆಲ್ಲ ಅವರನ್ನು ನೀರಿನ ಕಾಕಾ ಎನ್ನುತ್ತಿದ್ದೆವು. ನಾನು ಕೆಲಸ ಮಾಡುವ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಗೆ ಅವರು ಮೂರು ತಿಂಗಳಿಗೊಮ್ಮೆ ಏಳು ಜಾಗದ ನೀರನ್ನು ಏಳು ಬಾಟಲಿಗಳಲ್ಲಿ ತುಂಬಿ ತರುತ್ತಿದ್ದರು. ಆರು ಜಾಗ ದಾಂಡೇಲಿ ಪಕ್ಕದ ಮೌಳಂಗಿಯ ಆಚೆ ಈಚೆ, ಹೊಳೆಯ ದಂಡೆಯಲ್ಲೇ. ಏಳನೆಯದು ಜೋಯಿಡಾದ ಕಾಡಿನೊಳಗಿನ ಒಂದು ಬಾವಿ. ಹಿಂದೆ ಆ ಕಡೆಯಿಂದ ಬಿದಿರು ತರುತ್ತಿದ್ದ ಕಾಲದಲ್ಲಿ ದಾರಿಯ ಊರಿನ ನೀರು ಪರೀಕ್ಷಿಸಬೇಕೆಂಬ ಷರತ್ತಿತ್ತಂತೆ. ಬಿದಿರು ನಿಂತಿತು. ಊರಿನವರೂ ಕಾಡು ಬಿಟ್ಟು ತೇರಗಾಂವದ ಕಡೆ ಬಂದು ನೆಲೆಸಿದರು. ಬಾವಿ ಮಾತ್ರ ಪಟ್ಟಿಯಲ್ಲಿ ಉಳಿಯಿತು. ಹಾಗೆ ಬಂದು ನೆಲೆಸಿದ ಸಿದ್ದಿ ಮನೆತನಗಳಲ್ಲಿ ಕಾಕಾನದೂ ಒಂದು.

ನನ್ನ ಕೆಲಸ ಏನಪ್ಪಾ ಅಂದರೆ ಸುಸ್ಥಿರತೆಯ ವರದಿ ಬರೆಯುವುದು. ಎಷ್ಟು ಹೊಗೆ ಬಿಟ್ಟಿರಿ, ಎಷ್ಟು ನೀರು ಎತ್ತಿದಿರಿ, ಸುತ್ತಲಿನ ಜನರನ್ನು ಕೇಳಿ ಮಾಡಿದಿರಾ ಎಂದು ಪುಟಗಟ್ಟಲೆ ಪ್ರಶ್ನೆ. ಮೊದಲು ಇದು ಹಸಿರೆಲೆಯ ಚಿತ್ರವಿದ್ದ ಹೊಳಪು ಕಾಗದದ ಪುಸ್ತಕ, ಬರೆದ ನಾವೇ ತಿರುಗಿ ಓದುತ್ತಿರಲಿಲ್ಲ. ಈಗ ಹಾಗಲ್ಲ. ನಮ್ಮ ಪೆಟ್ಟಿಗೆ ಕೊಳ್ಳುವ ದೊಡ್ಡ ಕಂಪನಿಗಳಿಗೆ ಹೊಸ ನಿಯಮ ಬಂತು, ಅವರಿಗೆ ಮಾಲು ಕೊಡುವ ನಮ್ಮ ಕುತ್ತಿಗೆಗೂ ಬಂತು. ಬ್ಯಾಂಕಿನವರೂ ವರದಿ ನೋಡಿಯೇ ಬಡ್ಡಿ ಹೇಳುತ್ತಾರೆ. ಬರೆದ ಪ್ರತಿಯೊಂದು ಅಂಕಿಯನ್ನೂ ಹೊರಗಿನವರೊಬ್ಬರು ಬಂದು ಪರಿಶೀಲಿಸಿ ಹೌದು ಎನ್ನಬೇಕು. ಇದರ ಮೇಲೆ ವರ್ಷಕ್ಕೊಮ್ಮೆ ನಮೂನೆಯೇ ಬದಲು. ಒಂದನ್ನು ಕಲಿತು ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ, ಆ ದಿನಗಳಲ್ಲಂತೂ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ.

ಕಾಕಾ ನೀರು ತುಂಬುವುದನ್ನು ಒಮ್ಮೆ ಮೌಳಂಗಿಯಲ್ಲಿ ನಿಂತು ನೋಡಿದ್ದೆ. ತುಂಬುವ ಮುಂಚೆ ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆಯಬೇಕೆಂದು ನಮ್ಮ ಕೈಪಿಡಿ ಹೇಳುತ್ತದೆ. ಅವರು ಮೊದಲ ನೀರನ್ನು ದಂಡೆಯ ಮೇಲೆ ಚೆಲ್ಲಿ ಮೆಲ್ಲಗೆ, “ಹಿರಿಯರಿಗೆ,” ಅಂದರು. ಎರಡನೆಯದನ್ನು ಚೆಲ್ಲಿ, “ಇಲ್ಲಿರೋರಿಗೆ.” ಮೂರನೆಯದಕ್ಕೆ, “ಇನ್ನ ಬರೋರಿಗೆ.” ಆಮೇಲೆ ಕೊಂಕಣಿಯಲ್ಲಿ ಹೊಳೆಯತ್ತ ಏನೋ ಕೇಳಿ, ಉತ್ತರಕ್ಕೆ ಕಾದವರಂತೆ ತಲೆ ವಾಲಿಸಿ ನಿಂತು, ಹೂಂ ಎಂದ ಮೇಲೆಯೇ ಬಾಟಲಿ ಮುಳುಗಿಸಿದರು. ಪಾಪ, ವಯಸ್ಸಾಯಿತು ಎಂದುಕೊಂಡೆ.

ಹೊಸ ನಮೂನೆಗಾಗಿ ನೀರಿನ ಪರೀಕ್ಷೆಯ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ನನ್ನ ಕಣ್ಣಿಗೆ ಅದು ಬಿತ್ತು. ಹೊಳೆಯ ಆರು ಬಾಟಲಿಗಳ ಅಂಕಿಗಳು ಮಳೆಗೊಂದು ಬೇಸಿಗೆಗೊಂದು ಏರಿಳಿದಿದ್ದವು. ಏಳನೆಯದು ವರ್ಷಗಟ್ಟಲೆ ಒಂದೇ. ದಶಾಂಶವೂ ಬದಲಾಗಿರಲಿಲ್ಲ. ನೀರು ಎಲ್ಲಾದರೂ ಹಾಗಿರುತ್ತದೆಯೇ? ಈ ಮನುಷ್ಯ ಕಾಡಿಗೆ ಹೋಗುವುದೇ ಇಲ್ಲ, ಮನೆಯ ನಲ್ಲಿಯಿಂದ ತುಂಬಿ ತರುತ್ತಾನೆ ಎಂದು ತೀರ್ಮಾನಿಸಿಬಿಟ್ಟೆ. ಅವರನ್ನು ಒಂದು ಮಾತು ಕೇಳಲಿಲ್ಲ. ‘ಏಳನೆಯ ಜಾಗದ ಅಂಕಿ ನಂಬಲರ್ಹವಲ್ಲ, ಕೈಬಿಡಬಹುದು’ ಎಂದು ಟಿಪ್ಪಣಿ ಬರೆದು ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಪರಿಶೀಲಕರು ಬರಲಿ, ಸುಳ್ಳೆಂದಾದರೆ ಜಾಗವನ್ನೂ ತೆಗೆಯೋಣ, ಮುದುಕನನ್ನೂ ಮನೆಗೆ ಕಳಿಸೋಣ ಎಂದರು ಸಾಹೇಬರು.

ಸುದ್ದಿ ಕಾಕಾಗೆ ತಲುಪಿತು. ನನ್ನ ಮೇಜಿನ ಮುಂದೆ ಬಂದು ನಿಂತರು.

“ನೌಕರಿ ತಗೀರಿ ಬಾಯಾರ, ನಾ ಏನೂ ಅನ್ನೂದಿಲ್ಲ. ಆದ್ರ ಆ ಬಾವಿ ಪಟ್ಟಿಯಿಂದ ತಗೀಬ್ಯಾಡ್ರಿ.”

“ಯಾಕ? ಅಲ್ಲಿ ಒಂದು ನರಪಿಳ್ಳೆ ಇಲ್ಲಲ್ಲ ಕಾಕಾ?”

“ಪಟ್ಟಿಯೊಳಗ ಐತಿ ಅಂತ ಫಾರೆಸ್ಟಿನವ್ರು ನನಗ ಪಾಸ್ ಕೊಡ್ತಾರ. ಇಲ್ಲಂದ್ರ ಗೇಟಿನಾಗ ಬಿಡೂದಿಲ್ರೀ. ನಮ್ಮವ್ವ, ನಮ್ಮಪ್ಪ, ನನ್ನ ಮೊದಲನೇ ಮಗಳು, ಎಲ್ಲಾರೂ ಅಲ್ಲೇ ಮಣ್ಣಾಗ ಅದಾರ. ಮೂರು ತಿಂಗಳಿಗೊಮ್ಮೆ ನಾ ಬರ್ತೇನಿ ಅಂತ ಅವರಿಗೆ ಗೊತ್ತೈತಿ.”

ನನಗೆ ಪಾಪ ಅನ್ನಿಸಿತು, ಸುಳ್ಳೇಕೆ? ಆದರೂ ಬರೆದ ಟಿಪ್ಪಣಿಯನ್ನು ಹಿಂತೆಗೆದುಕೊಳ್ಳಲು ನನ್ನ ಸೊಕ್ಕು ಬಿಡಲಿಲ್ಲ. ಪರಿಶೀಲಕರ ಮುಂದೆಯೇ ನೋಡೋಣ ಎಂದೆ.

ಪರಿಶೀಲಕ ಬೆಂಗಳೂರಿನ ಹುರುಪಿನ ತರುಣ, ಹೊಸ ಬೂಟು ಹಾಕಿಕೊಂಡು ಬಂದಿದ್ದ. ಗೇಟಿನಲ್ಲಿ ಜೀಪು ಬಿಟ್ಟು ಕಾಕಾನ ಹಿಂದೆ ನಡೆದೆವು. ಬಾವಿ ತಲುಪಿದಾಗ ಸುಡುಸುಡು ಮಧ್ಯಾಹ್ನ. ಮನೆಗಳಿದ್ದ ಕಡೆ ಬರೀ ಜಗಲಿಗಳು ಉಳಿದಿದ್ದವು. ಕಾಡೆಲ್ಲ ತರಗೆಲೆಯಿಂದ ಮುಚ್ಚಿತ್ತು, ಆ ಜಗಲಿಗಳ ಮೇಲೆ ಮಾತ್ರ ಒಂದು ಎಲೆಯೂ ಇರಲಿಲ್ಲ. ಯಾರೋ ಬೆಳಿಗ್ಗೆ ಎದ್ದು ಕಸ ಹೊಡೆದಂತಿತ್ತು. ಅಷ್ಟು ಹೊತ್ತು ಕಿರುಚುತ್ತಿದ್ದ ಜೀರುಂಡೆಗಳು ಅಲ್ಲಿ ಕಾಲಿಟ್ಟೊಡನೆ ಸುಮ್ಮನಾಗಿದ್ದವು.

“ಇವತ್ತ ನೀವ ತಗೀರಿ ಬಾಯಾರ,” ಎಂದು ಕಾಕಾ ಬಾಟಲಿ ಕಟ್ಟಿದ ಹಗ್ಗ ನನ್ನ ಕೈಗೆ ಕೊಟ್ಟರು.

ಹಗ್ಗ ಬಿಟ್ಟೆ. ಇಳಿಯಿತು, ಇನ್ನೂ ಇಳಿಯಿತು, ಸಡಿಲವಾಯಿತು. ಎಳೆದು ನೋಡಿದರೆ ಬಾಟಲಿ ಖಾಲಿ. ಹೊರಮೈ ಕೂಡ ಒದ್ದೆಯಾಗಿರಲಿಲ್ಲ. ಮತ್ತೊಮ್ಮೆ ಬಿಟ್ಟೆ, ಅದೇ ಕಥೆ. ತರುಣ ಒಂದು ಕಲ್ಲು ಎಸೆದು ಕಿವಿಗೊಟ್ಟ. ಸದ್ದೇ ಬರಲಿಲ್ಲ. “ಡ್ರೈ ಇದೆ ಮೇಡಂ,” ಎಂದು ಬರೆದುಕೊಳ್ಳತೊಡಗಿದ. ನಾನು ಗೆದ್ದೆ ಎಂದು ಅನ್ನಿಸಬೇಕಿತ್ತು. ಕಾಕಾನ ಮುಖ ನೋಡಿ ಹಾಗನ್ನಿಸಲಿಲ್ಲ.

ಕಾಕಾ ಹಗ್ಗ ತೆಗೆದುಕೊಂಡು, ಬಾಗಿ, ಬಾವಿಯೊಳಕ್ಕೆ ಕೊಂಕಣಿಯಲ್ಲಿ ಕರೆದರು. ಮನೆ ಬಾಗಿಲಲ್ಲಿ ನಿಂತು ಒಳಗಿದ್ದವರನ್ನು ಮಾತಾಡಿಸುವ ದನಿ ಅದು. ತಲೆ ವಾಲಿಸಿ ಕೇಳಿಸಿಕೊಂಡರು. “ಹೂಂ,” ಅಂದರು. ಸ್ವಲ್ಪ ತಡೆದು ಮತ್ತೆ “ಹೂಂ,” ಅಂದರು. ಆಮೇಲೆ ನಮ್ಮ ಕಡೆ ತಿರುಗಿ, ಏನೂ ವಿಶೇಷವಿಲ್ಲವೆಂಬಂತೆ, “ನಿಮ್ಮಿಬ್ಬರ ಹೆಸರ ಕೇಳಾಕತ್ತಾರ. ಹೇಳ್ಲೇನು?” ಎಂದರು.

“ಬೇಡ ಸರ್, ಹೇಳ್ಬೇಡಿ,” ಎಂದ ತರುಣನ ದನಿ ಕೀರಲಾಗಿತ್ತು. ನಾನು ಬಾವಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಕಾಕಾ ಹಗ್ಗ ಇಳಿಸಿದರು. ಬುಳುಕ್ ಎಂದು ಬಾಟಲಿ ಮುಳುಗಿದ ಸದ್ದು ಇಬ್ಬರಿಗೂ ಸ್ಪಷ್ಟವಾಗಿ ಕೇಳಿತು. ಮೂರು ಸಲ ತೊಳೆದು ಚೆಲ್ಲಿ, ನಾಲ್ಕನೆಯ ಸಲ ತುಂಬಿದ ಬಾಟಲಿಯನ್ನು ತರುಣನ ಕೈಗಿತ್ತರು. ಅವನು ಅಲ್ಲೇ ಸೀಲು ಹಾಕಿದ. ಹಗ್ಗವನ್ನು ನೀರಿರುವ ಬದಿಗೆ ಬಿಡುವ ಉಪಾಯ ಅವರಿಗೆ ಗೊತ್ತಿರಬೇಕು ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮರಳುವ ದಾರಿಯಲ್ಲಿ ಕಾಕಾ ಕೇಳಿದರು: “ನಿಮ್ಮ ಫಾರಮಿನೊಳಗ ಊರವ್ರನ್ನ ಕೇಳೀರೇನಂತ ಒಂದ ಪ್ರಶ್ನೆ ಐತಂತಲ್ರೀ?”

“ಐತಿ ಕಾಕಾ.”

“ನೀವೇನ ಬರೀತೀರಿ?”

“ಹೌದು ಅಂತ ಬರೀತೇನಿ.”

“ಮತ್ತ ಯಾರರೇ ಒಬ್ಬರು ಕೇಳಬೇಕಲ್ರೀ.”

ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಆ ‘ಹೌದು’ಗೆ ಗುರುತು ಹಾಕಿದವಳು ನಾನು. ನಾಚಿಕೆಯಿಂದ ನೆಲ ನೋಡುತ್ತ ನಡೆದೆ.

ಸೀಲಾದ ಬಾಟಲಿ ಬೆಂಗಳೂರಿನ ಪ್ರಯೋಗಶಾಲೆಗೆ ಹೋಯಿತು. ಬಂದ ಅಂಕಿಗಳು ಅವೇ, ದಶಾಂಶದವರೆಗೂ. ಟಿಪ್ಪಣಿ ಹರಿದು ಹಾಕಿ ಕಾಕಾನ ಮುಂದೆ ಹೋಗಿ ತಪ್ಪಾಯಿತು ಎಂದೆ. “ಒಂದ ನಮೂನಿ ಅಂಕಿ ಕಂಡ್ರ ನಾನೂ ಸಂಶೇ ಪಡತಿದ್ದೆ, ಬಿಡು ತಂಗಿ,” ಅಂದರು. ಬಾಯಾರ ಹೋಗಿ ತಂಗಿಯಾದದ್ದು ಅಂದೇ.

ಮರುವರ್ಷ ಮತ್ತೊಂದು ನಮೂನೆ ಬಂತು. ಜನವಸತಿ ಇಲ್ಲದ ಜಾಗಗಳನ್ನು ಪಟ್ಟಿಯಿಂದ ಕೈಬಿಡಬಹುದು, ಉಳಿಸಿಕೊಂಡರೆ ಜವಾಬ್ದಾರಿಯುತ ಅಧಿಕಾರಿ, ಅಂದರೆ ನಾನು, ಸಹಿ ಹಾಕಬೇಕು ಎಂದಿತ್ತು. ಅಷ್ಟರಲ್ಲಿ ಕಾಕಾ ಹಳಿಯಾಳದ ಆಸ್ಪತ್ರೆ ಸೇರಿದ್ದರು. ನೋಡಲು ಹೋದಾಗ ನನ್ನ ಕೈ ಹಿಡಿದು, “ಏಳನೇದು ತಗೀಬ್ಯಾಡ ತಂಗಿ,” ಅಂದರು. ಆಗಲಿ ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. “ನೋಡೂಣು ಕಾಕಾ,” ಎಂದೆ, ಥೇಟ್ ಸಾಹೇಬರ ಹಾಗೆ. ಆ ಮಾತು ಈಗಲೂ ನನ್ನನ್ನು ಸುಡುತ್ತದೆ.

ಭಾನುವಾರ ಬೆಳಿಗ್ಗೆ ತೀರಿಕೊಂಡರು. ಸಂಜೆ ತೇರಗಾಂವದ ಹತ್ತಿರ ಮಣ್ಣಾಯಿತು, ನಾನೂ ಒಂದು ಹಿಡಿ ಹಾಕಿ ಬಂದೆ.

ಸೋಮವಾರ ನೀರು ತರುವ ಸರದಿಯ ದಿನ. ಮಧ್ಯಾಹ್ನ ನಮ್ಮ ಕಾರ್ಖಾನೆಯ ಪ್ರಯೋಗಶಾಲೆಯ ಹುಡುಗಿ ಓಡಿ ಬಂದಳು. ಅದರ ಬಾಗಿಲ ಮುಂದೆ ಒಂದೇ ಒಂದು ಬಾಟಲಿ. ಚೀಟಿಯ ಮೇಲೆ ಏಳು ಎಂದು ಕಾಕಾನ ಅಕ್ಷರ, ಕೆಳಗೆ ಅಂದಿನದೇ ತಾರೀಖು. ಗಾಜು ಒದ್ದೆಯಾಗಿತ್ತು. ಫಾರೆಸ್ಟ್ ಗೇಟಿಗೆ ಫೋನು ಮಾಡಿದೆ. ಯಾರೂ ಒಳಗೆ ಹೋಗಿಲ್ಲ ಎಂದರು. ಕಾಕಾನ ಹೆಂಡತಿ ಕಾಕಿಗೆ ಮಾಡಿದೆ. “ನಾವ್ಯಾರೂ ಹೋಗಿಲ್ಲವ್ವ. ಅವರ ಪಾಸ್ ನನ್ನ ಹತ್ರನ ಐತಿ,” ಎಂದು ಅತ್ತರು.

ಬಾಟಲಿಯನ್ನು ನನ್ನ ಮೇಜಿಗೆ ತಂದಿಟ್ಟುಕೊಂಡೆ. ಭಯವಾಗಿತ್ತು, ಅದಕ್ಕಿಂತ ಹೆಚ್ಚು ದುಃಖವಾಗಿತ್ತು. ಕೊನೆಗೆ ಮಾದರಿ ತಂದವರು ಎಂಬಲ್ಲಿ ಕಾಕಾನ ಹೆಸರು ಬರೆದು ಪರಿಶೀಲಕನಿಗೆ ಕಳಿಸಿದೆ. ತಕ್ಷಣ ಫೋನು ಬಂತು.

“ಮೇಡಂ, ಅವ್ರು ತೀರ್ಕೊಂಡಿದ್ದು ಭಾನುವಾರ ಅಲ್ವಾ?”

“ಹೌದು.”

“ಬಾಟಲಿ ಸೋಮವಾರದ್ದು.”

“ಹೌದ್ರಿ.”

“ಇದಕ್ಕೆ ನೀವು ಸಹಿ ಹಾಕ್ತೀರಾ?”

ಹಾಕಿದೆ. ಏಳನೆಯ ಜಾಗವನ್ನು ಉಳಿಸಿಕೊಳ್ಳುತ್ತೇವೆ ಎಂಬ ಕಾಗದಕ್ಕೂ ಅದೇ ಕೈಯಲ್ಲಿ ಸಹಿ ಹಾಕಿದೆ. ಸಾಹೇಬರು ಬೈದರು, ಬೈಯಲಿ. ಮುಂದಿನ ತಿಂಗಳು ಮತ್ತೆ ನೀರು ತರುವ ಸರದಿ. ಈ ಸಲ ಪಾಸು ನನ್ನ ಹೆಸರಿನಲ್ಲಿ ಬಂದಿದೆ.