ಎರಡು ದಿನ ತಡವಾಗಿ ಬರುವ ನೆರಳು

ಬುಧವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನೆರಳಕ್ಕ ತಮ್ಮ ಆರು ಸಾಸಿವೆ ಗಿಡಗಳಿಗೆ ಹೋಗುವ ನೀರನ್ನು ಕೈಯಾರೆ ನಿಲ್ಲಿಸುತ್ತಿದ್ದರು. ಪಂಪು ಸರಿಯಾಗಿತ್ತು, ತೊಟ್ಟಿಯಲ್ಲಿ ನೀರಿತ್ತು, ಗಿಡಗಳು ಮೊಗ್ಗು ಹಿಡಿದಿದ್ದವು. ಆದರೂ ನಿಲ್ಲಿಸಲೇಬೇಕಿತ್ತು. ಸೋಮವಾರ ಇದೇ ಹೊತ್ತಿಗೆ, ನಾನೂರು ಕಿಲೋಮೀಟರ್ ಮೇಲೆ ಭೂಮಿಯನ್ನು ಸುತ್ತುತ್ತಿರುವ ಬಾಹ್ಯಾಕಾಶ ನಿಲ್ದಾಣದಲ್ಲಿ ಇನ್ನಾರು ಸಾಸಿವೆ ಗಿಡಗಳ ನೀರು ನಿಂತುಹೋಗಿತ್ತು.

ಅವರ ಕೆಲಸವೇ ಅದು. ಮೇಲೊಂದು ಪೆಟ್ಟಿಗೆ, ಕೆಳಗೊಂದು ಪೆಟ್ಟಿಗೆ. ಬೀಜ ಒಂದೇ ಚೀಲದ್ದು. ಮಣ್ಣಿನ ಬದಲು ತುಂಬಿದ ಸುಟ್ಟ ಜೇಡಿಯ ಹರಳು ಒಂದೇ ಜರಡಿಯದು. ಮೇಲಿನ ಪೆಟ್ಟಿಗೆಯಲ್ಲಿ ಏನೇನಾಯಿತು ಎಂಬ ಲೆಕ್ಕ ಇಳಿದು ಬಂದು, ತಾಳೆಯಾಗಿ ಕೈಗೆ ಸಿಗಲು ಎರಡು ದಿನ ಬೇಕು. ಅದನ್ನೇ ಅವರು ಇಲ್ಲಿ ನೆರಳಿನ ಹಾಗೆ ಚಾಚೂ ತಪ್ಪದೆ ಮಾಡುತ್ತಾರೆ; ಎಲ್ಲರೂ ನೆರಳಕ್ಕ ಎಂದು ಕರೆಯುವುದು ಅದಕ್ಕೇ. ಅಲ್ಲಿ ದೀಪ ತಡವಾಗಿ ಹೊತ್ತಿದ್ದರೆ ಇಲ್ಲೂ ತಡ. ಅಲ್ಲಿನವರು ಸೈಕಲ್ ತುಳಿದು ಏದುಸಿರು ಬಿಟ್ಟು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರೆ ಇಲ್ಲೂ ಅಷ್ಟೇ ಏರಿಸಬೇಕು. ಗ್ರಾಫಿನಲ್ಲಿ ಆ ಡೈಆಕ್ಸೈಡ್ ಗೆರೆಯ ಏರಿಳಿತ ನೋಡಿಯೇ ಮೊನ್ನೆ ಅವರೆಲ್ಲ ಯಾವಾಗ ಒಟ್ಟಿಗೆ ಕೂತು ಉಂಡರು, ಯಾವಾಗ ಮಲಗಿದರು ಎಂದು ನೆರಳಕ್ಕ ಹೇಳಬಲ್ಲರು. ಎಲ್ಲವನ್ನೂ ಸರಿಗಟ್ಟಿದ ಮೇಲೆ ಎರಡು ಪೆಟ್ಟಿಗೆಗಳ ನಡುವೆ ಒಂದೇ ವ್ಯತ್ಯಾಸ ಉಳಿಯಬೇಕು: ಇಲ್ಲಿ ತೂಕ ಇದೆ, ಅಲ್ಲಿ ಇಲ್ಲ.

ಈ ಕೆಲಸಕ್ಕೆ ಬರುವ ಮುಂಚೆ ಅವರು ಬೀಜ ಪರೀಕ್ಷೆಯ ಕಚೇರಿಯಲ್ಲಿದ್ದರು. ಒದ್ದೆ ಕಾಗದದ ಮೇಲೆ ಮೊಳಕೆ ಎಣಿಸುವ ಕೆಲಸ. ಕಾಗದವನ್ನು ಹೇಗೆ ತಿರುಗಿಸಿಟ್ಟರೂ ಸಂಜೆಯೊಳಗೆ ಬೇರು ಕೆಳಮುಖವಾಗಿ ಬಾಗಿರುತ್ತಿತ್ತು. ಬೇರಿನ ಸ್ವಭಾವವೇ ಅದು ಎಂದುಕೊಂಡಿದ್ದರು. ಮೇಲಿನ ಪೆಟ್ಟಿಗೆಯ ಮೊದಲ ಚಿತ್ರ ಬಂದ ದಿನ ಅವರು ಮಧ್ಯಾಹ್ನದ ಊಟ ಮರೆತರು. ಒಂದು ಬೇರು ಅಡ್ಡಕ್ಕೆ ಹೋಗಿತ್ತು, ಒಂದು ಕಾಂಡದ ಕಡೆಗೇ ತಿರುಗಿತ್ತು, ಇನ್ನೊಂದು ದಾರಿ ಕೇಳುತ್ತಾ ಹೋದವರ ಹಾಗೆ ಸುತ್ತಿ ಸುತ್ತಿ ಬೆಳೆದಿತ್ತು. ಇಷ್ಟು ವರ್ಷ ತಾನು ನೋಡಿದ್ದು ಬೇರನ್ನಲ್ಲ, ಭೂಮಿ ಎಳೆಯುವುದನ್ನು ಎಂದು ಆ ರಾತ್ರಿ ಗಂಡನಿಗೆ ಹೇಳಿದರು. ಗಂಡ ಲಿಫ್ಟ್ ರಿಪೇರಿ ಮಾಡುವವರು. ಅದು ಎಳೆಯುತ್ತಿರೋದರಿಂದಲೇ ನಮ್ಮ ಮನೆ ನಡೀತಿದೆ ಎಂದರು.

ಸೋಮವಾರ ಮೇಲೆ ನೀರು ನಿಂತದ್ದು ಒಂದು ಗುಳ್ಳೆಯಿಂದ. ನಮ್ಮಲ್ಲಾದರೆ ಗುಳ್ಳೆ ತಾನೇ ಮೇಲೆದ್ದು ಹೋಗುತ್ತದೆ. ಅಲ್ಲಿ ಮೇಲೆ ಎಂಬುದೇ ಇಲ್ಲದ್ದರಿಂದ ಅದು ಕೊಳವೆಯ ನಡುವೆ ಹಾಯಾಗಿ ಕೂತುಬಿಟ್ಟಿತ್ತು. ಗಿಡ ನೋಡಿಕೊಳ್ಳುವ ಗಗನಯಾತ್ರಿ ಅಂದು ಪೂರ್ತಿ ಗಾಳಿ ಶುದ್ಧ ಮಾಡುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಬಾಡಿದ ಎಲೆ ಅಲ್ಲಿ ಜೋತುಬೀಳುವುದಿಲ್ಲ, ಇದ್ದಲ್ಲೇ ಸುರುಟಿಕೊಳ್ಳುತ್ತದೆ. ಹಾಗಾಗಿ ಅವನ ಕಣ್ಣಿಗೆ ಬಿದ್ದದ್ದು ಮಂಗಳವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ. ಯಾರನ್ನೂ ಕೇಳದೆ, ತಾನು ಕುಡಿಯುತ್ತಿದ್ದ ನೀರಿನ ಚೀಲವನ್ನೇ ತಂದು ಒಂದೊಂದು ಗಿಡದ ಬುಡಕ್ಕೆ ಒಂದೊಂದು ಸಲ ಹಿಂಡಿದ. ಗಿಡಗಳು ಉಳಿದವು. ಎಷ್ಟು ನೀರು ಕೊಟ್ಟೆ ಎಂದು ಇಲ್ಲಿಂದ ಕೇಳಿದ್ದಕ್ಕೆ, ಅಳೆಯಲಿಲ್ಲ, ಒಂದು ಗುಟುಕಿನಷ್ಟು ಇರಬಹುದು ಎಂದು ಉತ್ತರ ಬಂತು.

ಗುಟುಕು ಎಂಬ ಅಳತೆ ಇಲ್ಲ. ಗುರುವಾರ ಹನ್ನೆರಡೂ ಇಪ್ಪತ್ತಕ್ಕೆ ನೆರಳಕ್ಕ ಅಷ್ಟೇ ನೀರು ಕೊಡಬೇಕು. ಕಡಿಮೆ ಕೊಟ್ಟರೆ ಅವರ ಗಿಡಗಳು ಸಾಯುತ್ತವೆ. ಹೆಚ್ಚು ಕೊಟ್ಟರೆ ಬದುಕುತ್ತವೆ, ಆದರೆ ಹೋಲಿಕೆ ಸಾಯುತ್ತದೆ. ಈ ಪ್ರಯೋಗ ಮೊದಲು ಎರಡು ಸಲ ಕೆಟ್ಟಿತ್ತು, ಒಮ್ಮೆ ಬೂಷ್ಟು ಬಂದು, ಒಮ್ಮೆ ಬೀಜ ಮೊಳೆಯದೆ. ಅಳತೆ ಸಿಗದಿದ್ದರೆ ಹನ್ನೆರಡು ಗಿಡಗಳನ್ನೂ ಕಿತ್ತು ಮುಗಿಸೋಣ ಎಂದು ತಂಡದ ಮುಖ್ಯಸ್ಥೆ ಹೇಳಿಬಿಟ್ಟಿದ್ದರು. ಅವರ ದನಿಯಲ್ಲೂ ಗೆಲುವಿರಲಿಲ್ಲ.

ಬುಧವಾರ ಸಂಜೆ ಮನೆಯಲ್ಲಿ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡರು.

“ಬಾಯಾರಿದ ಗಿಡದ ಮುಂದೆ ಕೈಕಟ್ಟಿ ಕೂರೋದಕ್ಕೆ ನಿನಗೆ ಸಂಬಳ ಕೊಡ್ತಾರಾ? ಒಂದು ಲೋಟ ಹಾಕಿದ್ರೆ ಯಾರು ನೋಡ್ತಾರೆ?”

“ಯಾರೂ ನೋಡಲ್ಲ ಅತ್ತೆ. ಅದಕ್ಕೇ ಭಯ.”

ಬಡಿಸುವಾಗ ಅತ್ತೆ ಸೊಸೆಯ ತಟ್ಟೆಗೆ ಒಂದು ಸೌಟು ಹೆಚ್ಚು ಹಾಕಿದರು.

ಗುರುವಾರ ಬೆಳಿಗ್ಗೆ ಕೆಳಗಿನ ಗಿಡಗಳ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಮೊಗ್ಗುಗಳ ಕುತ್ತಿಗೆಯೂ ಬಾಗಿತ್ತು. ಮೇಲಿನವರ ದಿನವನ್ನು ಐದೈದು ನಿಮಿಷದ ತುಂಡುಗಳಾಗಿ ಹಂಚಿಟ್ಟಿರುತ್ತಾರೆ. ಅದರಲ್ಲಿ ಹತ್ತು ನಿಮಿಷ ಬಿಡಿಸಿಕೊಳ್ಳಲು ಮುಖ್ಯಸ್ಥೆಗೆ ಒಂದು ದಿನ ಹಿಡಿದಿತ್ತು. ಹನ್ನೊಂದೂ ಮುಕ್ಕಾಲಿಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಆ ಗಗನಯಾತ್ರಿಯ ಮುಖ ಕಾಣಿಸಿತು. ಹೊರಡುವ ಮುಂಚೆ ಆರು ತಿಂಗಳು ನೆರಳಕ್ಕನ ಕೋಣೆಯಲ್ಲೇ ಗಿಡ ಸಾಕಲು ಕಲಿತವನು. ತಲೆಗೂದಲು ನಿಮಿರಿ ನಿಂತಿತ್ತು, ಕೆನ್ನೆ ಉಬ್ಬಿತ್ತು.

“ಅಕ್ಕಾ, ನಾನು ತಪ್ಪು ಮಾಡಿದ್ನಾ?”

“ಗಿಡ ಉಳಿಸಿದ್ದು ತಪ್ಪೇನಪ್ಪ? ಎಷ್ಟು ಅಂತ ಗೊತ್ತಾಗ್ಬೇಕು ಅಷ್ಟೆ. ಅದೇ ಚೀಲ ತಗೋ, ಅವತ್ತಿನ ಥರಾನೇ ಹಿಂಡು. ತೂಕ ಮಾಡಿ ಹೇಳು.”

ಕೊಠಡಿಯಲ್ಲಿ ಯಾರೋ ಕೆಮ್ಮಿದರು. ಮೇಲಿನವನು ತುಟಿ ಬಿಗಿಹಿಡಿದ.

“ಮಾಡ್ತೀನಕ್ಕ. ತಕ್ಕಡಿ ಜೊತೆ ಒಂಚೂರು ಭೂಮೀನೂ ಕಳಿಸಿಕೊಡಿ.”

ನೆರಳಕ್ಕ ನಾಲಿಗೆ ಕಚ್ಚಿಕೊಂಡರು. ವರ್ಷಗಟ್ಟಲೆ ತೂಕವಿಲ್ಲದ ಜಾಗಕ್ಕೆ ನೆರಳಾಗಿ ದುಡಿದೂ ಕೈ ಮೊದಲು ಹೋದದ್ದು ತಕ್ಕಡಿಗೇ. ಸಿರಿಂಜಿಗೆ ಎಳೆದುಕೊಂಡು ನೋಡೋಣ ಎಂದರು ಮುಖ್ಯಸ್ಥೆ. ಅವನು ಆಗಲೇ ನೋಡಿದ್ದನಂತೆ. ನೀರಿನ ಜೊತೆ ಗಾಳಿಯೂ ಸೇರಿಕೊಂಡು ಅಳತೆ ಕೆಡುತ್ತಿತ್ತು. ಅವತ್ತು ಹಿಂಡಿದ್ದು ಹೀಗೆ, ಇಷ್ಟೇ ಎನ್ನುತ್ತಾ ಅವನು ಚೀಲದ ಕೊಳವೆಯನ್ನು ಗಾಳಿಗೆ ಹಿಡಿದು ಒಮ್ಮೆ ಒತ್ತಿದ.

ನೀರು ಹೊರಗೆ ಬಂತು. ಬೀಳಲಿಲ್ಲ. ಕೊಳವೆಯ ತುದಿ ಬಿಟ್ಟು, ಸೌತೆಕಾಯಿಯ ಹಾಗೆ ಉದ್ದವಾಗಿ, ಮತ್ತೆ ಚಪ್ಪಟೆಯಾಗಿ, ನಡುಗುತ್ತಾ ತೇಲಿತು. ಅವನು ಕೈ ಚಾಚಿ ಪಕ್ಕದ ಫ್ಯಾನು ನಿಲ್ಲಿಸಿದ. ನಡುಕ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆಮೇಲೆ ನಿಂತಿತು. ಅವನ ಮುಖದ ಮುಂದೆ ಒಂದು ಗುಂಡು ನೀರು ಇತ್ತು. ಯಾರೂ ಹಿಡಿದಿರಲಿಲ್ಲ, ಯಾವ ಪಾತ್ರೆಯೂ ಇರಲಿಲ್ಲ. ತನ್ನನ್ನು ತಾನೇ ತಬ್ಬಿಕೊಂಡು ದುಂಡಗಾಗಿತ್ತು. ಅದರೊಳಗೆ ಹಿಂದಿನ ಕಿಟಕಿ ತಲೆಕೆಳಗಾಗಿ ಕಾಣುತ್ತಿತ್ತು, ಕಿಟಕಿಯಲ್ಲಿ ಭೂಮಿಯ ಒಂದು ನೀಲಿ ಅಂಚು. ಮೊನ್ನೆ ನಿಲ್ದಾಣದವರೇ ಬೆವರಿದ, ಉಸಿರಲ್ಲಿ ಬಿಟ್ಟ ನೀರು ಅದು. ಸೋಸಿ ಮತ್ತೆ ಕುಡಿಯುವುದು, ಗಿಡ ಕುಡಿದು ಆವಿಯಾಗಿ ಬಿಟ್ಟದ್ದನ್ನು ಮತ್ತೆ ಸೋಸುವುದು. ಎಷ್ಟು ಜನರ, ಎಷ್ಟು ಗಿಡಗಳ ಒಳಗೆ ಹಾದು ಬಂದಿತ್ತೋ. ಮಾನಿಟರ್‌ಗಳ ಮುಂದೆ ಕೂತವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನೆರಳಕ್ಕನಿಗೆ ಸಮಯ ಮರೆತೇ ಹೋಗಿತ್ತು.

“ಅಕ್ಕಾ,” ಎಂದ ಅವನು ಮೆಲ್ಲಗೆ, ಜೋರಾಗಿ ಆಡಿದರೆ ಅದು ಒಡೆದೀತು ಎಂಬಂತೆ, “ಇದು ದುಂಡಗಿದೆ.”

ದುಂಡಗಿದ್ದ ಮೇಲೆ ಅಡ್ಡಳತೆ ಸಾಕು. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವನು ಸ್ಕೇಲು ತಂದು, ತಾಗಿಸದೆ ಪಕ್ಕದಲ್ಲಿ ಹಿಡಿದ. ಮೂರು ಸೆಂಟಿಮೀಟರ್. ಆ ಉಂಡೆಯನ್ನು ಬಾಯಿಂದಲೇ ಹಿಡಿದು ನುಂಗಿ ಇನ್ನೊಂದು ಹಿಂಡಿದ, ಆಮೇಲೆ ಮತ್ತೊಂದು. ಎರಡನೆಯದು ಕೂದಲೆಳೆಯಷ್ಟು ಹೆಚ್ಚು, ಮೂರನೆಯದು ಅಷ್ಟೇ ಕಡಿಮೆ.

ಆ ಅಳತೆಯಲ್ಲಿ ನೀರು ಕುಡಿದ ಕೆಳಗಿನ ಆರು ಗಿಡಗಳು ಸಂಜೆಯೊಳಗೆ ಕತ್ತೆತ್ತಿದವು. ವಾರದೊಳಗೆ ಮೇಲೂ ಕೆಳಗೂ ಹಳದಿ ಹೂ ಬಿಟ್ಟಿತು. ಬಾಡಿದ ಗಿಡ ಚೇತರಿಸಿಕೊಳ್ಳುವುದಕ್ಕೆ ತೂಕ ಬೇಕೇ ಎಂದು ಹೋಲಿಸಿ ನೋಡಲು, ಯಾರೂ ಯೋಜಿಸದ ಒಂದು ಪ್ರಯೋಗವೂ ಅವರಿಗೆ ಸಿಕ್ಕಿತು. ಅದೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ಸಂಪರ್ಕ ಕಡಿಯಲು ಒಂದು ನಿಮಿಷವಿತ್ತು. ನೆರಳಕ್ಕ ಅಂಗೈ ಮೇಲೆ ಪೆನ್ನಿನಿಂದ ಗೋಲದ ಲೆಕ್ಕ ಹಾಕುತ್ತಿದ್ದರು: ಒಂದೂವರೆಯ ಘನ, ಅದನ್ನು ಪೈಯಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಮೂರರಿಂದ ಭಾಗಿಸಿ. ಪರದೆಯಲ್ಲಿ ಚಿತ್ರ ಮಸುಕಾಗತೊಡಗಿತು.

“ನಾನು ಎಷ್ಟು ಕೊಟ್ಟಿದ್ದೆ, ಅಕ್ಕಾ?”

“ಹದಿನಾಲ್ಕು ಮಿಲಿಲೀಟರ್.”