ಇಬ್ಬರ ಕೈಯ ರೊಟ್ಟಿ

ನಮ್ಮವ್ವ ತಾನು ಬಡಿದ ರೊಟ್ಟಿಯನ್ನು ತಾನೇ ಹಂಚಿಗೆ ಹಾಕಿದ್ದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿಯೇ ಇರಲಿಲ್ಲ. ಬಡಿಯುವುದು ಅವ್ವನ ಕೆಲಸ, ಬೇಯಿಸುವುದು ಖಾಲಾಳ ಕೆಲಸ. ಈ ಖಾಲಾ ನಮಗೆ ಸಂಬಂಧಿಯಲ್ಲ. ಶಹಾಪುರದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯವಳು, ಮನೆಯಲ್ಲಿ ಉರ್ದು ಮಾತಾಡುವವಳು. ಅವ್ವನ ತಂಗಿಯನ್ನು ತಮ್ಮಲ್ಲಿ ಖಾಲಾ ಅನ್ನುತ್ತಾರೆ ಎಂದು ಅವಳೇ ನನಗೆ ಕಲಿಸಿದ್ದಳು. ಅವ್ವ ಅವಳನ್ನು ತಂಗಿ ಅನ್ನುತ್ತಿದ್ದಳು, ಅವಳು ಅವ್ವನನ್ನು ಅಕ್ಕಾ ಅನ್ನುತ್ತಿದ್ದಳು. ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಅವ್ವ ಪರಾತ ಎಂಬ ಅಗಲ ತಟ್ಟೆಯಲ್ಲಿ ರೊಟ್ಟಿ ಬಡಿದು, ಎರಡೂ ಅಂಗೈ ಮೇಲೆ ಎತ್ತಿ ಮುಂದಕ್ಕೆ ಚಾಚುತ್ತಿದ್ದಳು. ಖಾಲಾ ಒಲೆಯ ಮುಂದಿನಿಂದಲೇ ತನ್ನ ಅಂಗೈಗಳನ್ನು ಅದರ ಕೆಳಗೆ ಒಡ್ಡಿ, ಹಂಚಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದಳು. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಬಾಯಲ್ಲಿ ಊರ ಸುದ್ದಿ ನಡೆದಿರುತ್ತಿತ್ತು, ಕೈಗಳು ತಮ್ಮ ಪಾಡಿಗೆ ತಾವು ಕೊಟ್ಟು ತೆಗೆದುಕೊಳ್ಳುತ್ತಿದ್ದವು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇರುವುದಿಲ್ಲ. ಹಸಿ ರೊಟ್ಟಿಯನ್ನು ಒಂದು ಗಳಿಗೆ ಹೆಚ್ಚು ಹಿಡಿದರೂ ಅದು ಬೆರಳ ಸಂದಿಯಲ್ಲಿ ಹರಿದು ಬೀಳುತ್ತದೆ. ಇವರ ಕೈಯಲ್ಲಿ ಮಾತ್ರ ಹರಿಯುತ್ತಿರಲಿಲ್ಲ.

ನಮ್ಮ ಕಡೆ ಕಾಲುವೆ ಬಂದ ಮೇಲೆ ಭತ್ತ ಬಂತು. ಭತ್ತದ ಹಿಂದೆ ಅಕ್ಕಿ ಗಿರಣಿಗಳು, ಗಿರಣಿಗಳ ಹಿಂದೆ ಹಮಾಲರು, ಲಾರಿ ಡ್ರೈವರುಗಳು. ದಿನವಿಡೀ ಅಕ್ಕಿ ಮೂಟೆ ಹೊತ್ತವರಿಗೆ ಸಂಜೆ ಅನ್ನದ ಮುಖ ಬೇಡ, ರೊಟ್ಟಿ ಬೇಕು. ಸುರಪುರ ರಸ್ತೆಯಲ್ಲಿ, ಕಾಲುವೆ ಸೇತುವೆಯ ಹತ್ತಿರ ಒಂದು ಖಾನಾವಳಿ ಇತ್ತು. ನಮ್ಮ ರೊಟ್ಟಿಯಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದುದು ಅಲ್ಲಿಗೇ. ಅಪ್ಪನಿಲ್ಲದ ನಮ್ಮ ಮನೆ, ಗಂಡ ಸೊಂಟ ನೋವಿನಿಂದ ಮೂಲೆ ಹಿಡಿದಿದ್ದ ಖಾಲಾಳ ಮನೆ, ಎರಡೂ ಆ ಒಂದು ಹಂಚಿನ ಮೇಲೆ ನಡೆದವು. ನಾನು ಓದಿ ಸರ್ಕಾರಿ ಶಾಲೆಯ ಟೀಚರಾದದ್ದೂ ಅದೇ ಹಂಚಿನಿಂದ. ಸಂಬಳ ಬರತೊಡಗಿದ ಮೇಲೆ ಸಾಕು ಬಿಡು ಎಂದರೆ ಅವ್ವ ಕೇಳಲಿಲ್ಲ. ಖಾಲಾಳ ಮನೆಗೆ ಸಂಬಳ ತರುವವರು ಯಾರೂ ಇರಲಿಲ್ಲವಲ್ಲ.

ಆಮೇಲೆ ಕೊರೊನಾ ಬಂತು. ಲಾರಿಗಳು ನಿಂತವು, ಖಾನಾವಳಿಯ ಬಾಗಿಲು ಮುಚ್ಚಿತು. ಮಾರಾಟವಾಗದ ರೊಟ್ಟಿಗಳು ಮನೆಯಲ್ಲಿ ಒಣಗಿ ಕಡಕ್ಕಾಗಿ, ಬುಟ್ಟಿ ಬುಟ್ಟಿಯಾಗಿ ಕೂತವು. ಕೆಲವು ದಿನಗಳ ನಂತರ ಪಾರ್ಸೆಲ್‌ಗೆ ಅನುಮತಿ ಸಿಕ್ಕಿ ಸ್ವಲ್ಪ ಬೇಡಿಕೆ ಬಂತು. ಅಷ್ಟರಲ್ಲಿ ಶಾಲೆ ಮುಚ್ಚಿದ್ದರಿಂದ ನಮ್ಮನ್ನೆಲ್ಲ ಮನೆಮನೆ ತಿರುಗಿ ಜ್ವರ ನೋಡುವ ಕೆಲಸಕ್ಕೆ ಹಾಕಿದ್ದರು. ಊರಿಗೆಲ್ಲ ಅಂತರ ಕಾಯ್ದುಕೊಳ್ಳಿರಿ ಎಂದು ಹೇಳಿ ಬಂದವಳಿಗೆ ನಮ್ಮ ಮನೆಯ ಒಲೆಯ ಮುಂದೆ ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು ಕಂಡರೆ ಹೇಗಾಗಬೇಡ? ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅಂಗಡಿಗಳ ಮುಂದೆ ಬರೆಯುತ್ತಿದ್ದ ಹಾಗೆ ಅಂಗಳದಲ್ಲಿ ಸುಣ್ಣದಿಂದ ಎರಡು ದೊಡ್ಡ ಸೊನ್ನೆ ಬರೆದು, ಒಂದರಲ್ಲಿ ಅವ್ವನನ್ನೂ ಇನ್ನೊಂದರಲ್ಲಿ ಒಲೆಯ ಸಮೇತ ಖಾಲಾಳನ್ನೂ ಕೂಡಿಸಿದೆ.

"ಮನ್ಯಾಗ ಸರ್ಕಾರನ ಬಂದು ಕುಂತದ ನೋಡು ತಂಗಿ" ಎಂದಳು ಅವ್ವ, ಸೆರಗನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತ.

"ರೊಟ್ಟಿ ಹ್ಯಾಂಗ ಬರಬೇಕು ಇಲ್ಲಿಗಿ? ಹಾರಿ ಬರಬೇಕೇನು?" ಎಂದು ಖಾಲಾ ಕೇಳಿದಳು.

ಅವ್ವ ನನ್ನ ಮೇಲಿನ ಹಟಕ್ಕೆ ನಿಜವಾಗಿಯೂ ಎಸೆದಳು. ಹಸಿ ರೊಟ್ಟಿ ಅರ್ಧ ದಾರಿಯಲ್ಲೇ ಹರಿದು ಎರಡಾಗಿ ನೆಲಕ್ಕೆ ಬಿತ್ತು. ಆಮೇಲೆ ಮೊರದ ಮೇಲೆ ಇಟ್ಟು ನಾನೇ ಒಯ್ದು ಕೊಟ್ಟೆ. ಅದು ಮೊರಕ್ಕೇ ಅಂಟಿಕೊಂಡಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಮಾಸ್ಕ್ ತೆಗೆಯಬಾರದು, ಬಾಗಿಲು ತೆರೆದಿರಬೇಕು, ಕೈ ಚಾಚುವಾಗಷ್ಟೇ ಹತ್ತಿರ ಬರಬೇಕು ಎಂಬ ಒಪ್ಪಂದಕ್ಕೆ ನಾನೇ ಇಳಿದೆ.

ಅದೂ ಹೆಚ್ಚು ದಿನ ನಡೆಯಲಿಲ್ಲ. ಖಾಲಾಳ ಗಲ್ಲಿಯಲ್ಲಿ ಸೋಂಕು ಕಾಣಿಸಿಕೊಂಡು, ಗಲ್ಲಿಯ ಬಾಯಿಗೆ ಬಿದಿರು ಕಟ್ಟಿ ತಗಡು ಹೊಡೆದು ಸೀಲ್‌ಡೌನ್ ಮಾಡಿದರು. ಖಾಲಾ ಒಳಗಾದಳು, ಅವ್ವ ಹೊರಗಾದಳು. ಆ ಗಲ್ಲಿಯ ಜ್ವರ ನೋಡುವ ಕೆಲಸ ನನ್ನ ಪಾಲಿಗೇ ಬಂತು. ಆಹಾರ ಒಳಗೆ ಹೋಗಬಹುದು, ಒಳಗಿನದು ಏನೂ ಹೊರಗೆ ಬರಬಾರದು ಎಂಬುದು ನಿಯಮ.

ಅವ್ವ ದಿನಾ ಒಂದು ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಕಟ್ಟಿ ನನ್ನ ಕೈಯಲ್ಲಿ ಕಳಿಸತೊಡಗಿದಳು. ಒಬ್ಬಳೇ ಬಡಿದು ಒಬ್ಬಳೇ ಬೇಯಿಸಿದ ರೊಟ್ಟಿ. ಹಂಚಿನ ಮೇಲಿದ್ದದ್ದನ್ನು ತಿರುವುವ ಹೊತ್ತಿಗೆ ಪರಾತದಲ್ಲಿದ್ದದ್ದು ಕೆಡುತ್ತಿತ್ತು, ಪರಾತದ್ದನ್ನು ನೋಡಿದರೆ ಹಂಚಿನದು ಕೆಡುತ್ತಿತ್ತು. ಮರುದಿನ ಹಣೆಗೆ ಥರ್ಮಾಮೀಟರ್ ಹಿಡಿದರೆ ಖಾಲಾ ಜ್ವರದ ಮಾತು ಬಿಟ್ಟು, "ನಿಮ್ಮವ್ವಗ ಹೇಳು, ರೊಟ್ಟಿ ಒಂದು ಬಾಜು ಹಸಿ ಅದ" ಅನ್ನುತ್ತಿದ್ದಳು. ಅದನ್ನು ಕೇಳಿ ಅವ್ವ, "ಹಸಿ ಇದ್ರ ಬಂದು ಬೇಯಿಸು ಅನ್ನು ಆಕಿಗಿ" ಎಂದು ಉರಿದೇಳುತ್ತಿದ್ದಳು. ಆಮೇಲೆ ಒಲೆಯ ಮುಂದೆ ಖಾಲಾ ಕೂಡುತ್ತಿದ್ದ ಜಾಗವನ್ನು ನೋಡುತ್ತ ಕೂಡುತ್ತಿದ್ದಳು. ಓಣಿಯ ಬೇರೆ ಹೆಂಗಸರು ಕೈಜೋಡಿಸಲು ಬಂದರು. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿದಳೇ ಹೊರತು ಆ ಜಾಗದಲ್ಲಿ ಕೂಡಿಸಲಿಲ್ಲ.

ಅತ್ತ ಹೋದ ಡಬ್ಬಿ ವಾಪಸ್ ಬರುತ್ತಿರಲಿಲ್ಲ. ನಮ್ಮ ಕಡೆ ಅಡಿಗೆ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ತಿರುಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಖಾಲಾ ದಿನಾ ಏನಾದರೂ ತುಂಬಿಕೊಂಡು ತಗಡಿನ ಹತ್ತಿರ ನಿಲ್ಲುತ್ತಿದ್ದಳು. ನಾನು ಬೇಡ, ಹೊರಗೆ ತರುವ ಹಾಗಿಲ್ಲ ಎನ್ನುತ್ತಿದ್ದೆ. ಬರಿ ಡಬ್ಬಿ ಇರಲಿ, ತುಂಬಿದ ಡಬ್ಬಿ ಇರಲಿ, ನಿಯಮ ನಿಯಮವೇ. ಹೀಗೆ ನಮ್ಮ ಮನೆಯ ಪಾತ್ರೆಗಳೆಲ್ಲ ಒಂದೊಂದಾಗಿ ತಗಡಿನ ಆಚೆ ಸೇರಿದವು. ಡಬ್ಬಿಗಳು ಮುಗಿದವು, ಹಾಲಿನ ಕ್ಯಾನು ಹೋಯಿತು, ಕುಕ್ಕರಿನೊಳಗಿನ ಪಾತ್ರೆಗಳು ಹೋದವು. ಒಂದು ದಿನ ನೀರು ಕುಡಿಯಲು ಲೋಟ ಹುಡುಕಿದರೆ ಅದರಲ್ಲೂ ಚಟ್ನಿ ಪುಡಿ ತುಂಬಿ ಕಳಿಸಲಾಗಿತ್ತು.

ಅದಾದ ಒಂದು ಮುಂಜಾನೆ ಥರ್ಮಾಮೀಟರ್ ಹಿಡಿದಾಗ ಖಾಲಾಳ ಹಣೆ ಸುಡುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕದ ಅಂಕಿ ತೀರಾ ಕೆಳಗಿಳಿದದ್ದು ನೋಡಿ ಅಲ್ಲಿಂದಲೇ ಫೋನ್ ಮಾಡಿದೆ. ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಒಯ್ಯಲು ಅಂಬುಲೆನ್ಸ್ ಬಂತು. ಅವ್ವ ನಮ್ಮ ಮಾಳಿಗೆ ಹತ್ತಿ ನಿಂತಿದ್ದಳು. ಗಾಡಿ ಹತ್ತುವ ಮೊದಲು ಖಾಲಾ ತಲೆಯೆತ್ತಿ ನೋಡಿದಳು, ಏನೋ ಅಂದಳು, ಮಾಸ್ಕಿನೊಳಗೇ ಉಳಿಯಿತು. ಅವ್ವ ಆ ದಿನ ಹಿಟ್ಟು ನಾದಲಿಲ್ಲ. ಆಕೆ ಬರದಿದ್ದರೆ ಈ ಒಲೆ ಹಚ್ಚುವುದಿಲ್ಲ ಎಂದಳು. ನಾನು ನನ್ನ ಅವ್ವನಿಗೆ ಎಂದೂ ಹೆದರಿದವಳಲ್ಲ, ಅವತ್ತು ಆ ಮಾತಿಗೆ ಹೆದರಿದೆ.

ಖಾಲಾ ಬದುಕಿ ಬಂದಳು. ಸೊರಗಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಆದರೆ ಬಂದಳು. ಮನೆಯಲ್ಲಿ ಪ್ರತ್ಯೇಕವಾಗಿ ಇರಬೇಕಾದ ದಿನಗಳನ್ನೂ ಮುಗಿಸಿದಳು. ಇನ್ನು ಇವಳಿಂದ ಯಾರಿಗೂ ತಗಲುವುದಿಲ್ಲ, ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ್ದನ್ನು ನಾನೇ ಮನೆಮನೆಗೆ ಹೋಗಿ ಹೇಳಿದೆ. ಜನ ಹೌದ್ರಿ ಟೀಚರ್ ಅಂದರು. ಆಮೇಲೆ ಅವಳು ಎದುರು ಬಂದರೆ ರಸ್ತೆಯ ಆಚೆ ಬದಿಗೆ ಸರಿದು ನಡೆದರು. ತಗಡು ತೆಗೆದಿದ್ದರು, ಅಷ್ಟೇ.

ಆಗ ಖಾನಾವಳಿ ಮತ್ತೆ ಪೂರ್ತಿ ತೆರೆಯುವ ಹೊತ್ತು. ಅದರ ಮಾಲಕ ಬೈಕಿನಲ್ಲಿ ನಮ್ಮ ಮನೆಗೇ ಬಂದ. ಒಳ್ಳೆಯವನು, ಅವ್ವನನ್ನು ಕಾಕಿ ಅನ್ನುತ್ತಿದ್ದವನು. ಅಂಗಳದಲ್ಲಿ ಅವ್ವ ಹಿಟ್ಟು ನಾದುತ್ತಿದ್ದಳು. ತಂಗಿ ಇವತ್ತು ಬರುತ್ತಾಳೆಂದು ಬಹಳ ದಿನಗಳ ಮೇಲೆ ಒಲೆ ಹಚ್ಚಿದ್ದಳು. ಅವನು ಬಾಗಿಲಲ್ಲೇ ನಿಂತು ಚಪ್ಪಲಿ ನೋಡುತ್ತ ಮಾತು ತೆಗೆದ.

"ರೊಟ್ಟಿ ಮೊದಲಿನಷ್ಟ ಬೇಕು ಕಾಕಿ. ಆದ್ರ ಆಕಿ ಕೈ ಹಚ್ಚೂದು ಬ್ಯಾಡ. ನನಗೇನಿಲ್ಲ, ಗಿರಾಕಿ ಕೇಳಾಕತ್ತಾರ."

ನಾನು ಡಾಕ್ಟರು ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹಿಂದೆ ಖಾಲಾ ಬಂದು ನಿಂತದ್ದು ಕಾಣಿಸಿತು. ಎರಡೂ ಕೈಯಲ್ಲಿ ಭಾರದ ಚೀಲಗಳು. ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವಳು ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಪಾತ್ರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ನಮ್ಮ ಡಬ್ಬಿಗಳು, ಹಾಲಿನ ಕ್ಯಾನು, ಲೋಟ. ಉಜ್ಜಿ ಹೊಳೆಯುತ್ತಿದ್ದವು, ಒಂದೂ ಬರಿದಾಗಿರಲಿಲ್ಲ. ಒಂದರಲ್ಲಿ ರೇಷನ್ ಅಕ್ಕಿ, ಒಂದರಲ್ಲಿ ಶೇಂಗಾ, ಒಂದರಲ್ಲಿ ತೊಗರಿಬೇಳೆ. ಲೋಟಕ್ಕೆ ಹಾಕಲು ಮನೆಯಲ್ಲಿ ಏನೂ ಉಳಿದಿರಲಿಲ್ಲವೇನೋ, ಅದರಲ್ಲಿ ಒಂದು ಹಿಡಿ ಉಪ್ಪಿತ್ತು. ಅದನ್ನು ನೋಡಿ ನನಗೆ ತಡೆಯಲಾಗದೆ ಅಳು ಬಂತು.

"ನಾ ಹೋಗ್ತೀನಿ ಅಕ್ಕಾ. ನಿನ್ನ ಒಲಿ ನಡೀಲಿ" ಎಂದು ಖಾಲಾ ತಿರುಗಿದಳು.

ಅವ್ವ ನಾದಿದ ಹಿಟ್ಟಿನಿಂದ ಒಂದು ಉಂಡೆ ಮುರಿದಳು. ಪಟಪಟನೆ ಒಂದು ರೊಟ್ಟಿ ಬಡಿದಳು. ಬಡಿದು ಅಂಗೈ ಮೇಲೆ ಎತ್ತಿ, ಒಲೆಯ ಕಡೆಗೆ, ಯಾರೂ ಇಲ್ಲದ ಜಾಗಕ್ಕೆ ಚಾಚಿ ಹಿಡಿದಳು. ಹಂಚು ಕಾದು ಹೊಗೆಯಾಡುತ್ತಿತ್ತು. ತಾನೇ ಹಾಕಬಹುದಿತ್ತು, ಹಾಕಲಿಲ್ಲ. ರೊಟ್ಟಿಯ ಅಂಚು ಜೋತು ಬೀಳತೊಡಗಿತು.

"ತಂಗೀ, ಹರೀತದ, ಹಿಡಿ!"

ಖಾಲಾ ಬಾಗಿಲು ದಾಟಿ ಒಳಗೆ ಬಂದಿದ್ದಳು. ಚಪ್ಪಲಿ ಬಿಟ್ಟದ್ದು ಯಾವಾಗ, ಕೈ ತೊಳೆದದ್ದು ಯಾವಾಗ, ನನಗೆ ಕಾಣಲೇ ಇಲ್ಲ. ತೊಳೆದ ಕೈಯಿಂದ ನೀರು ಸೋರುತ್ತಿತ್ತು, ಏದುಸಿರು ಬಿಡುತ್ತಿದ್ದಳು, ಆದರೆ ಅವಳ ಎರಡೂ ಅಂಗೈ ರೊಟ್ಟಿಯ ಕೆಳಗೆ ಇದ್ದವು. ರೊಟ್ಟಿ ಹಂಚಿಗೆ ಬಿತ್ತು. ನೀರು ಸವರಿದಳು, ತಿರುವಿದಳು, ಕೆಂಡದ ಬದಿಗೆ ನಿಲ್ಲಿಸಿದಳು. ಅದು ಪೂರಿಯ ಹಾಗೆ ಉಬ್ಬಿತು.

ಅವ್ವ ಅದನ್ನು ಮುರಿದು ಅರ್ಧ ನನ್ನ ಕಡೆ ಹಿಡಿದಳು. "ನೀ ಸರ್ಕಾರದಾಕಿ. ಮೊದಲ ನೀನ ತಿನ್ನು" ಎಂದಳು. ನಾನು ಮಾಸ್ಕ್ ಇಳಿಸಿ, ಅಳುತ್ತಲೇ, ಮಾಲಕನ ಎದುರಿಗೇ ತಿಂದೆ. ಉಳಿದರ್ಧವನ್ನು ಅವ್ವ ತಿಂದಳು.

ಅವನು "ನೋಡೋಣ ಕಾಕಿ" ಎಂದು ಬೈಕ್ ಹಚ್ಚಿಕೊಂಡು ಹೋದ. ಕಾಲುವೆಗೆ ನೀರು ಬಿಟ್ಟು ನಾಟಿಯ ಜನ ಬಂದಾಗ ಅವನೇ ಮರಳಿ ಬಂದು ಇಬ್ಬರ ಕೈಯ ರೊಟ್ಟಿಯನ್ನೇ ಕೇಳಿ ಒಯ್ದ, ಅದು ಆಮೇಲಿನ ಮಾತು. ಅವತ್ತು ಅವನು ಹೋದದ್ದನ್ನು ಅವರಿಬ್ಬರೂ ನೋಡಲಿಲ್ಲ.

"ಹ್ಯಾಂಗಾಗ್ಯಾದ?" ಎಂದು ಖಾಲಾ ನನ್ನನ್ನು ಕೇಳಿದಳು.

"ಎರಡೂ ಬಾಜು ಬೆಂದದ" ಎಂದೆ.

ಅವ್ವ ಆಗಲೇ ಇನ್ನೊಂದನ್ನು ಚಾಚಿದ್ದಳು. ಖಾಲಾ ನನ್ನ ಕಡೆಗೇ ನೋಡುತ್ತ ಕೈ ಒಡ್ಡಿದಳು.