ಮಿಲ್ಲಕ್ಕನ ಮನೆಗೆ ಬಂದ ಅಮ್ಮ

ಬೆಳಿಗ್ಗೆ ಬೆಳ್ಳಗಿರುತ್ತಿದ್ದ ಅವರ ಹುಬ್ಬು ಮಧ್ಯಾಹ್ನದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮೊದಲು ಅಕ್ಕಿ, ಆಮೇಲೆ ರಾಗಿ ಬೀಸುವುದು ಅವರ ಹಿಟ್ಟಿನ ಮಿಲ್ಲಿನ ಕ್ರಮ. ಹುಬ್ಬು ನೋಡಿಯೇ ನಮ್ಮ ಬೀದಿಯ ಹೆಂಗಸರು ಯಾವ ಡಬ್ಬ ತರಬೇಕೆಂದು ತೀರ್ಮಾನಿಸುತ್ತಿದ್ದರು. ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆ ಅವರದು. ಮುಂದಿನ ಕೋಣೆಯಲ್ಲಿ ಮಿಲ್ಲು, ಹಿಂದೆ ವಾಸ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಬೀದಿಗೆಲ್ಲ ಅವರು ಮಿಲ್ಲಕ್ಕ.

ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲಿಗೆ ಪಿಸುಮಾತು ಮರೆತೇ ಹೋಗಿತ್ತು. ಒಮ್ಮೆ ನನ್ನ ಕಿವಿಯ ಹತ್ತಿರ ಬಂದು, “ಸಾಹೇಬ್ರ ಮನೇಲಿ ರಾತ್ರಿ ಜಗಳ ಏನ್ಲಾ?” ಎಂದು ಗುಟ್ಟಾಗಿ ಕೇಳಿದರು. ಎದುರುಮನೆಯಲ್ಲಿ ಬೊಂಬೆ ಕಡೆಯುತ್ತಿದ್ದ ಸಾಹೇಬರು ಅಲ್ಲಿಂದಲೇ ಉತ್ತರ ಕೊಟ್ಟರು: “ಜಗಳ ಅಲ್ಲಕ್ಕ, ಟೀವಿ!”

ಅವರ ತಮ್ಮ ವಿದೇಶಾಂಗ ಸೇವೆಯಲ್ಲಿದ್ದರು. ತಾಯಿಯಿಲ್ಲದ ಆ ಹುಡುಗನನ್ನು ಅಕ್ಕನೇ ಸಾಕಿ ಓದಿಸಿದ್ದರು. ತಮ್ಮನ ಕೆಲಸವೇನೆಂದು ಯಾರಾದರೂ ಕೇಳಿದರೆ, “ಬೇರೆ ದೇಶದೋರ ಜೊತೆ ನಗ್ತಾ ಮಾತಾಡೋ ಕೆಲ್ಸ. ಅದ್ಕೆ ಸಂಬ್ಳ ಬೇರೆ ಕೊಡ್ತಾರೆ” ಎನ್ನುತ್ತಿದ್ದರು.

ಒಂದು ದಿನ ಅವರನ್ನು ನೇಮಿಸಿದ್ದ ದೇಶದ ಹೆದ್ದಾರಿಯಲ್ಲಿ ಉಗ್ರರು ತಮ್ಮನ ಕಾರನ್ನು ಅಡ್ಡಗಟ್ಟಿದರು. ಅವರನ್ನೂ, ಕಾರು ಓಡಿಸುತ್ತಿದ್ದ ಅಲ್ಲಿಯವನೇ ಆದ ಡ್ರೈವರನ್ನೂ ಎಳೆದೊಯ್ದರು. ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಈ ಜಿಲ್ಲೆಯ ವರದಿಗಾರ. ನನ್ನ ಮನೆಯ ಪಕ್ಕದಲ್ಲೇ ಟೀವಿ ವಾಹನಗಳು ಸಾಲುಗಟ್ಟಿದವು. ಒಬ್ಬ ಕ್ಯಾಮೆರಾದವನು, “ಸ್ವಲ್ಪ ಅತ್ತರೆ ಚೆನ್ನಾಗಿರುತ್ತೆ ಅಮ್ಮ” ಎಂದ. “ಬೀಸೋದು ಮುಗುದ್ಮೇಲೆ ಅಳ್ತೀನಿ. ಸರ್ಕೊಳಪ್ಪ, ಜನ ಡಬ್ಬ ಹಿಡ್ಕೊಂಡು ನಿಂತವ್ರೆ” ಎಂದರು ಮಿಲ್ಲಕ್ಕ.

ಆ ದಿನಗಳಲ್ಲಿ ಅವರಿಗೆ ಹೊಸ ಒಡನಾಟವೊಂದು ಬೆಳೆಯಿತು. ಡ್ರೈವರಿನ ಹೆಂಡತಿ ರಾಯಭಾರ ಕಚೇರಿಯಿಂದ ನಂಬರು ಪಡೆದು ದಿನವೂ ವಿಡಿಯೋ ಕರೆ ಮಾಡುತ್ತಿದ್ದಳು. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ. “ಏನು ಮಾತಾಡ್ತೀರಕ್ಕ?” ಎಂದು ಕೇಳಿದೆ. “ಏನೂ ಇಲ್ಲ. ಒಸಿ ಹೊತ್ತು ಮಕ ನೋಡ್ಕೋತೀವಿ. ಅವ್ಳು ಮಗೀನ ತೋರುಸ್ತಾಳೆ, ನಾನು ಮಿಲ್ಲು ತೋರುಸ್ತೀನಿ.”

ವಾರಗಳು ಕಳೆದವು. ಟೀವಿಯವರು ಬೇರೆ ಸುದ್ದಿ ಹುಡುಕಿಕೊಂಡು ಹೋದರು. ಆಮೇಲೆ ಒಂದು ಬೆಳಿಗ್ಗೆ ಮಿಲ್ಲಿನ ಬಾಗಿಲು ತೆರೆಯಲಿಲ್ಲ. ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗಿನಿಂದಲೇ ಅವರು ಬೀದಿಗೆಲ್ಲ ಕೇಳುವಂತೆ ಹೇಳಿದರು: “ನಂಗೆ ಅಮ್ಮ ಬಂದವ್ಳೆ ಕಣ್ರೋ, ಯಾರೂ ಬರ್ಬ್ಯಾಡಿ!”

ಮೈಮೇಲೆ ಗುಳ್ಳೆ ಏಳುವ ಈ ಕಾಯಿಲೆಗೆ ನಮ್ಮಲ್ಲಿ ದೇವಿಯ ಹೆಸರು. ಅಮ್ಮ ಬಂದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುವಂತಿಲ್ಲ. ತಂಪು ಊಟ ಮಾತ್ರ. ಬೀದಿಯವರು ಎಳನೀರು, ಮೊಸರನ್ನ ತಂದು ಜಗಲಿಯ ಮೇಲಿಟ್ಟು ಹಿಂದಿರುಗುತ್ತಿದ್ದರು. ಸಾಹೇಬರ ಹೆಂಡತಿ ಹೊಸ ಬೇವಿನ ಸೊಪ್ಪು ಕಳಿಸುತ್ತಿದ್ದರು. ಹೆದ್ದಾರಿ ಬದಿಯ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟು ತರಿತರಿಯೆಂದು ಎಲ್ಲರೂ ಗೊಣಗಿದರು.

ನನಗೆ ರಜೆಯಿದ್ದ ಒಂದು ಮಧ್ಯಾಹ್ನ, ಗೋಡೆಯ ಆಚೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಬೇರೆ ಯಾವ ಮನೆಯಿಂದ ಬಂದಿದ್ದರೂ ನಾನು ಗಮನಿಸುತ್ತಿರಲಿಲ್ಲ. ಹೋಗಿ ಹಿತ್ತಿಲ ಬಾಗಿಲು ತಟ್ಟಿದೆ. ಮಿಲ್ಲಕ್ಕ ಅರ್ಧ ಬಾಗಿಲು ತೆಗೆದರು. ಮುಖದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

“ವಾಸ್ನೆ ಬಂತಾ?”

“ಬಂತಕ್ಕ.”

“ಹಾಳಾದ್ ಬೆಳ್ಳುಳ್ಳಿ. ಬಾ ಒಳಕ್ಕೆ, ಬಾಗ್ಲಾಕು.”

ಒಳಗೆ ಅವರ ತಮ್ಮ ಮುದ್ದೆ, ಬಸ್ಸಾರಿನ ಮುಂದೆ ಕೂತಿದ್ದರು. ಮೈ ಇಳಿದುಹೋಗಿತ್ತು, ಗಡ್ಡ ಬೆಳೆದಿತ್ತು, ಕಣ್ಣಲ್ಲಿ ಮಾತ್ರ ಹಳೆಯ ತುಂಟತನವಿತ್ತು. “ಅಲ್ಲಿ ಒಣ ರೊಟ್ಟಿ, ಇಲ್ಲಿ ಬರೀ ಮೊಸರನ್ನ. ಇದ್ಯಾವ ಬಿಡುಗಡೆ ಅಂತ ಅಕ್ಕನ ಹತ್ರ ಗಲಾಟೆ ಮಾಡಿದೆ” ಎಂದರು. “ಬಾಯ್ಮುಚ್ಕೊಂಡು ತಿನ್ನು, ನಿನ್ನಿಂದಾನೇ ಸಿಕ್ಕಾಕ್ಕೊಂಡಿದ್ದು” ಎಂದು ಅಕ್ಕ ಗದರಿದರು.

ಆಮೇಲೆ ತಮ್ಮನೇ ನನಗೆ ವಿಷಯ ಬಿಡಿಸಿ ಹೇಳಿದರು. ಅಲ್ಲಿನ ಹಿರಿಯರ ಮಾತುಕತೆಯಿಂದ ಉಗ್ರರು ಮೊದಲು ಅವರನ್ನು ಬಿಟ್ಟಿದ್ದರು; ರಾತ್ರಿ ಹೊತ್ತು ಗುಟ್ಟಾಗಿ ಬಂದು ಅಕ್ಕನ ಮನೆ ಸೇರಿದ್ದರು. ಡ್ರೈವರ್ ಇನ್ನೂ ಒತ್ತೆಯಲ್ಲಿದ್ದ. “ನನ್ನ ಬಿಟ್ಟಿದ್ದು ಸುದ್ದಿಯಾದ್ರೆ ಉಗ್ರರಲ್ಲೇ ಇನ್ನೊಂದು ಗುಂಪು ತಕರಾರು ತೆಗೆಯುತ್ತೆ. ಅವನು ಬರೋದಿಲ್ಲ. ಅದಕ್ಕೇ ಅವನು ಬರೋ ತನಕ ನಾನು ಎಲ್ಲೂ ಕಾಣಿಸ್ಕೋಬಾರ್ದು.”

ದೇಶದ ಯಾವ ಪತ್ರಿಕೆಯ ಬಳಿಯೂ ಇಲ್ಲದ ಸುದ್ದಿ ನನ್ನೆದುರು ಮುದ್ದೆ ಮುರಿಯುತ್ತ ಕೂತಿತ್ತು.

“ಬರೀತೀಯೇನ್ಲಾ?” ಎಂದರು ಮಿಲ್ಲಕ್ಕ.

“ಬರೆಯೋದೇ ನನ್ನ ಕೆಲಸ ಅಲ್ವಾ ಅಕ್ಕ.”

“ಬರಿ. ನಾನೇನು ಕೈ ಹಿಡ್ಕೊಳಾಕಾಯ್ತದಾ? ಆದ್ರೆ ನಾಳೆ ಆ ಹುಡ್ಗಿ ಫೋನ್ ಮಾಡ್ದಾಗ ನೀನೇ ಎತ್ಕೊ. ಮಗೀನ ತೋರುಸ್ತಾಳೆ, ನೋಡು.”

ಇಷ್ಟನ್ನೂ ಅವರು ತಮ್ಮ ಮಟ್ಟಿಗೆ ಮೆಲ್ಲಗೇ ಹೇಳಿದ್ದರು. ನಾನು ಕೈತೊಳೆದು ಊಟಕ್ಕೆ ಕೂತೆ. ಊಟ ಮುಗಿಸಿ, ಒಂದು ಸಾಲೂ ಬರೆಯದೆ ಮನೆಗೆ ಬಂದೆ. ಮುಂದಿನ ದಿನಗಳಲ್ಲಿ ಕಚೇರಿಯಿಂದ ಫೋನ್ ಬಂದಾಗಲೆಲ್ಲ ರೇಷ್ಮೆಗೂಡಿನ ಧಾರಣೆ, ಸಾತನೂರಿನ ಕಡೆಯ ಆನೆ ದಾಳಿ ಎಂದು ಬೇರೆ ವರದಿಗಳನ್ನೇ ಕಳಿಸಿದೆ.

ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಕೂಗು ಕೇಳಿಸಿತು. ಹೊರಗೆ ಓಡಿ ಬಂದರೆ ಮಿಲ್ಲಕ್ಕ ಬೀದಿಯ ಮಧ್ಯೆ ನಿಂತಿದ್ದರು, ಕೈಯಲ್ಲಿ ಫೋನು. ಪರದೆಯಲ್ಲಿ ಡ್ರೈವರಿನ ಹೆಂಡತಿಯ ಪಕ್ಕ ಕೊರಳಿಗೆ ಮಗುವನ್ನು ತಬ್ಬಿಸಿಕೊಂಡಿದ್ದ ಒಬ್ಬ ಬಡಕಲು ಗಂಡಸು. “ಬಂದ್ಬುಟ್ಟ ಕಣ್ಲಾ! ಮನೆಗೆ ಬಂದ್ಬುಟ್ಟ!”

ಬೀದಿಯವರೆಲ್ಲ ಅವರ ನುಣುಪು ಮುಖವನ್ನೇ ನೋಡುತ್ತ ನಿಂತರು. ಸಾಹೇಬರು ಮೊದಲು ಸುಧಾರಿಸಿಕೊಂಡರು: “ಏನಕ್ಕಾ, ಅಮ್ಮ ಇಳುದ್ರಾ?”

“ಇಳುದ್ಲು ಕಣಣ್ಣ! ಇವತ್ತೇ ಇಳುದ್ಲು! ಸಾಯಂಕಾಲ ಎಲ್ರೂ ಡಬ್ಬ ತನ್ನಿ!”

ಸಂಜೆಗೆ ಸರ್ಕಾರವೇ ಪ್ರಕಟಣೆ ಹೊರಡಿಸಿತು. ನನ್ನ ವರದಿ ಉಳಿದವರ ವರದಿಯ ಜೊತೆಗೇ ಬಂತು. ಮಿಲ್ಲಕ್ಕ ಆ ವಾರವೇ ಮಾರಮ್ಮನ ಗುಡಿಗೆ ತಂಬಿಟ್ಟು, ಮೊಸರನ್ನ ಒಯ್ದರು. “ಅವಳ ಹೆಸ್ರಲ್ಲಿ ಸುಳ್ಳೇಳಿದೀನಿ, ಕಾಣಿಕೆ ಕೊಡ್ಲೇಬೇಕು. ಅವ್ಳಿಗೂ ಮಕ್ಳವ್ರೆ, ತಿಳ್ಕೋತಾಳೆ” ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಸ್ವಲ್ಪ ದಿನದ ಕಾಯಿಲೆ ಅಷ್ಟೆ, ಹೆಚ್ಚು ನರಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವರ ತಮ್ಮ ಆ ಡ್ರೈವರಿಗೆ ಫೋನ್ ಮಾಡಿ ತಿಳಿಸಿದರು. ಅವನು ಈಗ ಅಲ್ಲೇ ಸ್ವಂತ ಟ್ಯಾಕ್ಸಿ ಓಡಿಸುತ್ತಾನೆ. ಮಿಲ್ಲಕ್ಕನನ್ನು ಎಂದೂ ಎದುರಾಗಿ ಕಂಡವನಲ್ಲ. ಒಡಹುಟ್ಟಿದವರು ಹೋದರೆ ಆ ಕಡೆಯವರಲ್ಲಿ ಮೂರು ದಿನ ದುಡಿಮೆ ಮುಟ್ಟುವುದಿಲ್ಲವಂತೆ. ಆ ಮೂರು ದಿನ ಅವನು ಟ್ಯಾಕ್ಸಿ ಹೊರಗೆ ತೆಗೆಯಲಿಲ್ಲ.